ಎಂಟು ಮೈಕ್ ಇಟ್ಟರೆ ಸ್ವಿಂಗ್ ಬರುತ್ತಾ?

ಪ್ರಶ್ನೆ: ಚಿಕ್ಕವನಿದ್ದಾಗ ಕೆಲವು ವರ್ಷ ಮೃದಂಗ ಕಲಿತೆ. ಆಮೇಲೆ ಆರ್ಕೆಸ್ಟ್ರಾಗಳಲ್ಲಿ, ಒಂದು ರಾಕ್ ಬ್ಯಾಂಡ್‌ನಲ್ಲಿ ಡ್ರಮ್ಸ್ ಬಾರಿಸಿದೆ. ಈಗ ಜಾಝ್ ಮತ್ತು ಆಫ್ರೋ-ಕ್ಯೂಬನ್ ಲಯಗಳ ಮೇಲೆ ಒಂದಷ್ಟು ಗ್ರೂವ್ ರೆಕಾರ್ಡ್ ಮಾಡುತ್ತಿದ್ದೇನೆ. ಕೆಲವನ್ನು ಗೆಳೆಯರ ಜೊತೆ ಹಾಡಾಗಿ ಬೆಳೆಸಬೇಕು, ಕೆಲವನ್ನು ಲೂಪ್ ಆಗಿ ಕೊಡಬೇಕು ಅಂತ ಆಸೆ. ಮೈಸೂರಿನ ನಮ್ಮ ಮನೆಯಲ್ಲಿ ಹತ್ತಡಿ-ಹನ್ನೆರಡಡಿಯ ಕೋಣೆ ಇದೆ. 22 ಇಂಚಿನ ಕಿಕ್ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್) ಇರುವ ಐದು ಪೀಸ್ ಕಿಟ್, ಮೈಕ್‌ಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ನಾಲ್ಕು ಇನ್‌ಪುಟ್‌ನ ಇಂಟರ್‌ಫೇಸ್, ನಾಲ್ಕು ಮೈಕ್ ಇವೆ. ಕ್ಲಿಕ್ (ಮೆಟ್ರೊನೋಮ್ ಟಿಕ್) ಹಾಕಿಕೊಂಡೇ ಬಾರಿಸುತ್ತೇನೆ. ಕೇಳಿದರೆ ಸಿಂಬಲ್ ಚೀರುತ್ತದೆ, ಕಿಕ್ ಗುಡುಗುತ್ತದೆ, ಲಯ ಹಿಡಿಯುವ ದೊಡ್ಡ ಸಿಂಬಲ್ ಇದೆಯಲ್ಲ, ಆ ರೈಡ್‌ನ ಸ್ಪಷ್ಟ ಪೆಟ್ಟು ಎಲ್ಲೂ ಇಲ್ಲ. 150 ಬಿಪಿಎಂನ (ನಿಮಿಷಕ್ಕೆ 150 ಬೀಟ್) ಒಂದು ಜಾಝ್ ಗ್ರೂವ್‌ಗೆ ಸ್ವಿಂಗ್‌ನ ಉದ್ದ-ಗಿಡ್ಡ ತೂಗು ಬರಲಿ ಅಂತ ಸಾಫ್ಟ್‌ವೇರ್‌ನಲ್ಲಿ ಶೇ 66 ಸ್ವಿಂಗ್ ಕ್ವಾಂಟೈಸ್ ಹಾಕಿದೆ, ಅಂದರೆ ಪೆಟ್ಟುಗಳನ್ನು ಲೆಕ್ಕದ ಜಾಗಕ್ಕೆ ಎಳೆದು ಕೂರಿಸಿದೆ, ಕುಂಟಿದ ಹಾಗಾಯಿತು. ನಾನು ಬಾರಿಸಿದ ಸಾಂಗೋ ಎಂಬ ಕ್ಯೂಬನ್ ಲಯ ಕೇಳಿ ಬಾಸ್ ನುಡಿಸುವ ಗೆಳೆಯ 'ಕ್ಲಾವೆ ಉಲ್ಟಾ ಆಗಿದೆ' ಅಂದ, ಅಂದರೆ ಇಡೀ ಹಾಡಿಗೆ ಆಧಾರವಾದ ಐದು ಪೆಟ್ಟಿನ ನಡೆ. ಎಲ್ಲಿ ಅಂತ ಅವನಿಗೂ ಹೇಳಲು ಬರಲಿಲ್ಲ. ಎಂಟು ಚಾನೆಲ್‌ನ ಇಂಟರ್‌ಫೇಸ್, ಡ್ರಮ್ ಮೈಕ್ ಸೆಟ್ ಕೊಂಡರೆ ಸರಿಹೋಗುತ್ತಾ? ಇಲ್ಲಾ ಸ್ಯಾಂಪಲ್ ಪ್ಯಾಕ್ ಕೊಳ್ಳುವುದೇ ವಾಸಿಯಾ?

ಉತ್ತರ: ಸದ್ಯಕ್ಕೆ ಏನೂ ಕೊಳ್ಳಬೇಡಿ. ನಿಮ್ಮ ಪತ್ರದಲ್ಲಿ ನಾಲ್ಕು ದೂರುಗಳಿವೆ. ಸಿಂಬಲ್ ಚೀರುತ್ತದೆ, ಕಿಕ್ ಗುಡುಗುತ್ತದೆ, ಸ್ವಿಂಗ್ ಕುಂಟುತ್ತದೆ, ಕ್ಲಾವೆ ಉಲ್ಟಾ. ಮೈಕ್ ಜಾಸ್ತಿಯಾದರೆ ಹೋಗುವಂಥದ್ದು ಇದರಲ್ಲಿ ಒಂದೂ ಇಲ್ಲ. ಮೊದಲ ಎರಡು ಇನ್ನೂ ಹೆಚ್ಚಬಹುದು. ಸಣ್ಣ ಕೋಣೆಯಲ್ಲಿ ಎಂಟು ಮೈಕ್ ಇಟ್ಟರೆ ಎಂಟರಲ್ಲೂ ಸಿಂಬಲ್ ಸೋರುತ್ತದೆ.

ಕೈಯಲ್ಲಿ ಸರಿಯಾಗೇ ಬರುತ್ತಿದೆ, ಕಂಪ್ಯೂಟರ್‌ಗೆ ಹೋಗುವಷ್ಟರಲ್ಲಿ ಕೆಡುತ್ತಿದೆ ಅಂತ ನೀವು ನಂಬಿದ ಹಾಗಿದೆ. ರಾಕ್ ಬಾರಿಸಿ ಬಂದವರು ಹೀಗೆ ಅಂದುಕೊಳ್ಳುವುದು ಸಹಜ. ಅಲ್ಲಿ ಪ್ರತಿ ಡ್ರಮ್‌ಗೂ ಒಂದು ಮೈಕ್. ನೀವು ಗಟ್ಟಿಯಾಗಿ ಬಾರಿಸುತ್ತೀರಿ, ಯಾವುದು ಎಷ್ಟು ಕೇಳಬೇಕು ಅಂತ ಆಮೇಲೆ ಇಂಜಿನಿಯರ್ ತೀರ್ಮಾನ ಮಾಡುತ್ತಾರೆ. ಜಾಝ್‌ನಲ್ಲಿ ಆ ತೀರ್ಮಾನ ಡ್ರಮ್ಮರ್‌ದೇ. ಮಿಕ್ಸಿಂಗ್ ಆಗುವುದು ಕೈಕಾಲಲ್ಲಿ. ಮೈಕ್ ಅದನ್ನು ಇದ್ದ ಹಾಗೆ ಹಿಡಿದುಕೊಳ್ಳುತ್ತದೆ, ಅಷ್ಟೆ.

ಇದಕ್ಕೊಂದು ಇತಿಹಾಸ ಇದೆ. ಮೊದಲು ಜಾಝ್ ಡ್ರಮ್ಮರ್‌ಗಳು ಕಾಲನ್ನು ಕಿಕ್ ಮೇಲೆ ಇಟ್ಟುಕೊಂಡು ನಾಲ್ಕೂ ಬೀಟ್ ಗಟ್ಟಿಯಾಗಿ ತುಳಿಯುತ್ತಿದ್ದರು. 1940ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಮಿಂಟನ್ಸ್ ಕ್ಲಬ್ಬಿನಲ್ಲಿ ಬಾರಿಸುತ್ತಿದ್ದ ಕೆನ್ನಿ ಕ್ಲಾರ್ಕ್ ಮತ್ತು ಅವರ ಹಿಂದೆಯೇ ಬಂದ ಮ್ಯಾಕ್ಸ್ ರೋಚ್ ಲಯ ಹಿಡಿಯುವ ಕೆಲಸವನ್ನು ರೈಡ್ ಸಿಂಬಲ್‌ಗೆ ವಹಿಸಿದರು. ಕಿಕ್ ಅಲ್ಲಲ್ಲಿ ಒಂದು ಒತ್ತು ಕೊಡುವುದಕ್ಕೆ ಉಳಿಯಿತು. ಉಳಿದ ಹೊತ್ತು ಪೆಡಲ್ ಅನ್ನು ಸುಮ್ನೆ ಸವರಿದ ಹಾಗೆ ಬಾರಿಸುವುದು. ಬಾಸ್ ನುಡಿಸುವವರಿಗೆ ಅದು ತಾಗಬೇಕು, ಕೇಳುಗರಿಗೆ ಬೇರೆಯಾಗಿ ಕೇಳಬಾರದು. ಅಂದರೆ ಎಲ್ಲಕ್ಕಿಂತ ಮುಂದೆ ರೈಡ್, ಅದರ ಹಿಂದೆ ಎರಡು ಮತ್ತು ನಾಲ್ಕನೇ ಬೀಟಿಗೆ ಕಾಲಲ್ಲಿ ಮುಚ್ಚುವ ಜೋಡಿ ಸಿಂಬಲ್, ಅಂದರೆ ಹೈ-ಹ್ಯಾಟ್, ಆಮೇಲೆ ಎದುರಿಗಿರುವ ಸಣ್ಣ ಡ್ರಮ್ ಸ್ನೇರ್‌ನ ಮಾತುಕತೆ, ಕೊನೆಗೆ ಕಿಕ್. ರಾಕ್‌ನಲ್ಲಿ ಇದು ಪೂರ್ತಿ ತಲೆಕೆಳಗು. ಕಿಕ್ ಮತ್ತು ಸ್ನೇರ್ ಮುಂದೆ, ಸಿಂಬಲ್ ಹಿಂದೆ.

ನಿಮ್ಮ ಕೈಕಾಲು ಇನ್ನೂ ರಾಕ್ ಅಳತೆಯಲ್ಲೇ ಇದೆ ಅಂತ ನನ್ನ ಅನುಮಾನ. ಪರೀಕ್ಷೆ ಸುಲಭ. ಫೋನನ್ನು ಕಿಟ್‌ನಿಂದ ಆರಡಿ ಮುಂದೆ, ಎದೆ ಎತ್ತರದಲ್ಲಿ ಇಟ್ಟು ಒಂದು ನಿಮಿಷ ರೆಕಾರ್ಡ್ ಮಾಡಿ. ಫೋನಿನಲ್ಲಿ ರೈಡ್‌ನ ಪೆಟ್ಟು ಬಿಡಿಬಿಡಿಯಾಗಿ ಕೇಳದೆ ಕಿಕ್ಕೇ ಮುಂದೆ ಬಂದರೆ, ಎಷ್ಟು ದುಡ್ಡಿನ ಮೈಕ್ ಇಟ್ಟರೂ ಅದೇ ಕೇಳುತ್ತದೆ. ಈ ಪರೀಕ್ಷೆ ಪಾಸಾಗುವವರೆಗೆ ಇಂಟರ್‌ಫೇಸ್ ಆನ್ ಮಾಡಬೇಡಿ ಅಂತಲೇ ಹೇಳುತ್ತೇನೆ.

ಮೈಕ್ ಎಷ್ಟಿದ್ದರೆ ಸಾಕು ಅನ್ನುವುದಕ್ಕೆ ಜಾಝ್ ರೆಕಾರ್ಡಿಂಗ್ ಇಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಅವರನ್ನು ನೆನೆಯಬಹುದು. ಕಣ್ಣು ಪರೀಕ್ಷಿಸುವುದು ಅವರ ಹಗಲಿನ ವೃತ್ತಿ. ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ತಂದೆತಾಯಿಯ ಮನೆಯ ಹಾಲ್‌ನಲ್ಲೇ 1959ರವರೆಗೆ ರೆಕಾರ್ಡ್ ಮಾಡಿದರು. ಬ್ಲೂ ನೋಟ್ ಕಂಪನಿಯ ಆ ಕಾಲದ ಎಷ್ಟೋ ರೆಕಾರ್ಡ್‌ಗಳು ಅಲ್ಲಿ ಆದವು. ಇಡೀ ಬ್ಯಾಂಡ್‌ಗೇ ಕೈಬೆರಳಲ್ಲಿ ಎಣಿಸುವಷ್ಟು ಮೈಕ್. ಹಾಗಂತ 'ಮನೆಯಲ್ಲೇ ಮಾಡಿದರು, ನಾವೂ ಮಾಡಬಹುದು' ಅಂತ ಪೂರ್ತಿ ಸಮಾಧಾನ ಬೇಡ. ಆ ಹಾಲ್ ನಿಮ್ಮ ಕೋಣೆಗಿಂತ ದೊಡ್ಡದಿತ್ತು. ಆಮೇಲೆ ಅವರು ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಕಟ್ಟಿಸಿದ ಸ್ಟುಡಿಯೋದ ಚಾವಣಿಯ ಎತ್ತರ 39 ಅಡಿ. ಚಾವಣಿ ಹತ್ತಿರ ಇದ್ದರೆ ಏನಾಗುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಿಮ್ಮ ಕೋಣೆಯ ಕಷ್ಟ ಅಲ್ಲೇ ಇದೆ. ನಮ್ಮ ಮನೆಗಳ ಚಾವಣಿ ಸಾಮಾನ್ಯವಾಗಿ ಹತ್ತಡಿ. ನಿಮ್ಮ ಕೋಣೆಯ ಒಂದು ಬದಿಯೂ ಹತ್ತಡಿ. ಹತ್ತಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ಸ್ವರ ಊದಿಕೊಳ್ಳುತ್ತದೆ. ಅಡ್ಡಕ್ಕೂ ಅದೇ, ಎತ್ತರಕ್ಕೂ ಅದೇ ಅಂದಮೇಲೆ ಎರಡೂ ಸೇರಿ ಅದೊಂದೇ ಸ್ವರ ಗುಂಯ್ ಅನ್ನುತ್ತದೆ. 22 ಇಂಚಿನ ಸಡಿಲ ಕಿಕ್ ಸರಿಯಾಗಿ ಅಲ್ಲೇ ಬಂದು ಕೂರುತ್ತದೆ. ನಿಮ್ಮ ಗುಡುಗು ಇದು. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ, ತೆಳ್ಳನೆ ಫೋಮ್ ಹಚ್ಚಿದರೆ ಇದು ಹೋಗುವುದಿಲ್ಲ. ಅವು ಮೇಲಿನ ಸ್ವರಗಳನ್ನು ಒಂಚೂರು ಹೀರುತ್ತವೆ, ಕೆಳಗಿನವನ್ನು ಮುಟ್ಟುವುದೂ ಇಲ್ಲ.

ಸುಲಭದ ದಾರಿ ಕಿಕ್ಕನ್ನೇ ಬದಲಿಸುವುದು. ಒಳಗಿನ ದಿಂಬು ತೆಗೆಯಿರಿ. ಮುಂದಿನ ಸ್ಕಿನ್‌ನಲ್ಲಿ ತೂತಿದ್ದರೆ ತೂತಿಲ್ಲದ್ದು ಹಾಕಿ. ಎರಡೂ ಕಡೆ ಬಿಗಿ ಮಾಡಿ, ಸ್ವರ ಮೇಲಕ್ಕೆ ಹೋಗಲಿ. ಜಾಝ್ ಡ್ರಮ್ಮರ್‌ಗಳು 18 ಇಂಚಿನ ಕಿಕ್ಕನ್ನು ಹೀಗೆಯೇ, ಒಂದು ಟಾಮ್ ಥರ ಟ್ಯೂನ್ ಮಾಡುತ್ತಾರೆ. ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ 16 ಇಂಚಿನ ಫ್ಲೋರ್ ಟಾಮ್ ಅನ್ನು ಅಡ್ಡ ಮಲಗಿಸಿ ಕಿಕ್ ಮಾಡುವ ಸ್ಟ್ಯಾಂಡ್ ಸಿಗುತ್ತದೆ, ಅದು ಎಂಟು ಚಾನೆಲ್ ಇಂಟರ್‌ಫೇಸ್‌ಗಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ. ಸ್ನೇರ್‌ಗೆ, ಟಾಮ್‌ಗೆ ಬಿಳಿ ಕೋಟಿಂಗ್ ಇರುವ ಒಂದೇ ಪದರದ ಸ್ಕಿನ್. ಕಡ್ಡಿ ದಪ್ಪ ಇದ್ದರೆ ತೆಳ್ಳನೆಯ 7ಎ ಗಾತ್ರಕ್ಕೆ ಇಳಿಯಿರಿ. ರೈಡ್ ತುಂಬಾ ಹರಡುತ್ತಿದ್ದರೆ ಅದರ ಅಡಿಗೆ ಎರಡು ಮೂರು ಇಂಚಿನ ಬಟ್ಟೆ ಟೇಪ್ ಅಂಟಿಸಿ ನೋಡಿ. ಎಷ್ಟೋ ಸ್ಟುಡಿಯೋಗಳಲ್ಲಿ ಇದೇ ಮಾಡುವುದು.

ಈಗ ಮೈಕ್. ನಾಲ್ಕು ಧಾರಾಳ ಸಾಕು. ಎರಡನ್ನು ಓವರ್‌ಹೆಡ್ ಮಾಡಿ, ಅಂದರೆ ಇಡೀ ಕಿಟ್ ಅನ್ನು ಮೇಲಿನಿಂದ ಹಿಡಿಯುವ ಮೈಕ್, ಸ್ನೇರ್‌ನ ಮಧ್ಯದಿಂದ ಮೂರಡಿ ದೂರದಲ್ಲಿ. ಎರಡೂ ಸರಿಸಮ ದೂರದಲ್ಲಿರಬೇಕು. ಒಂದು ದಾರ ತೆಗೆದುಕೊಂಡು ಸ್ನೇರ್‌ನಿಂದ ಅಳೆಯಿರಿ, ಕಣ್ಣಂದಾಜು ಬೇಡ. ಶಬ್ದ 34 ಸೆಂಟಿಮೀಟರ್ ಹೋಗಲು ಸುಮಾರು ಒಂದು ಮಿಲಿಸೆಕೆಂಡ್ ಬೇಕು. ಒಂದು ಮೈಕ್ ಗೇಣಷ್ಟು ಆಚೆ ಇದ್ದರೂ ಎರಡನ್ನೂ ಸೇರಿಸಿದಾಗ ಸ್ನೇರ್ ಟೊಳ್ಳಾಗುತ್ತದೆ. ಒಂದು ನೇರ ಮೇಲಿನಿಂದ, ಇನ್ನೊಂದು ಫ್ಲೋರ್ ಟಾಮ್ ಬದಿಯಿಂದ ಇಡುವ ಕ್ರಮಕ್ಕೆ ಬ್ರಿಟಿಷ್ ಇಂಜಿನಿಯರ್ ಗ್ಲಿನ್ ಜಾನ್ಸ್ ಅವರ ಹೆಸರಿದೆ. ಅವರು ರಾಕ್‌ನವರು, ಆದರೂ ಈ ಕ್ರಮ ಇಲ್ಲಿಗೆ ಚೆನ್ನಾಗಿ ಒಗ್ಗುತ್ತದೆ. ಮೈಕಿನ ಮೂತಿ ಸಿಂಬಲ್ ಅಂಚಿನ ಕಡೆ ಇರಬಾರದು, ಅಗ್ಗದ ಕಂಡೆನ್ಸರ್ ಮೈಕ್‌ಗಳು ಅಲ್ಲೇ ಚೀರುವುದು. ಮೈಕ್ ಚಾವಣಿಗೆ ಹತ್ತಿರ ಹೋದಷ್ಟೂ ಅಲ್ಲಿಂದ ಬಡಿದು ಬಂದ ಶಬ್ದ ಮೂಲದ ಜೊತೆ ಗುದ್ದಾಡುತ್ತದೆ. ಅದಕ್ಕೇ ಕೆಳಗೇ ಇಡಿ. ಕಿಟ್ ಮೇಲೆ ಚಾವಣಿಗೆ ದಪ್ಪನೆ ಹತ್ತಿ ಹಾಸಿಗೆ ಬಿಗಿಯಾಗಿ ಕಟ್ಟಲು ಆದರೆ ಇನ್ನೂ ಒಳ್ಳೆಯದು. ಮೂರನೆಯ ಮೈಕ್ ಕಿಕ್‌ನ ಹೊರಗೆ, ಒಂದು ಗೇಣು ದೂರ. ನಾಲ್ಕನೆಯದನ್ನು ಜಾಝ್‌ಗೆ ಹಚ್ಚಲೇಬೇಡಿ. ಕ್ಯೂಬನ್ ಗ್ರೂವ್‌ಗೆ ಅದು ಬೇಕಾಗುತ್ತದೆ, ಯಾಕೆಂದರೆ ಟಿಂಬಾಲೆ ಎಂಬ ಲೋಹದ ಮೈಯ ಜೋಡಿ ಡ್ರಮ್‌ನ ಪಕ್ಕದ ಮೇಲೆ ಬಾರಿಸುವ ಕಾಸ್ಕರಾ ನಡೆಯನ್ನು ನೀವು ಫ್ಲೋರ್ ಟಾಮ್‌ನ ಮರದ ಮೈಮೇಲೆ ಬಾರಿಸುತ್ತೀರಿ, ಅದರ ಶಬ್ದ ಕಮ್ಮಿ. ಆ ಮೈಕ್ ಅಲ್ಲಿಗೆ. ಕೌಬೆಲ್‌ಗೆ ಮೈಕ್ ಯಾರೂ ಕೇಳುವುದಿಲ್ಲ, ಅದು ಪಕ್ಕದ ಮನೆಗೂ ಕೇಳುತ್ತದೆ.

ಓವರ್‌ಹೆಡ್ ಮೇಲೆ ಕಂಪ್ರೆಸರ್ ಹಾಕಿದ್ದರೆ ತೆಗೆದುಬಿಡಿ. ಪೆಟ್ಟನ್ನು ತಗ್ಗಿಸಿ ಸಿಂಬಲ್ ಬಾಲವನ್ನು ಎತ್ತುವುದೇ ಅದರ ಕೆಲಸ.

ನಿಮ್ಮ ಚೀರಾಟಕ್ಕೆ ಇನ್ನೊಂದು ಕಾರಣವೂ ಇರಬಹುದು, ಅದು ಆ ಕ್ವಾಂಟೈಸ್. ಆಡಿಯೋವನ್ನು ಗ್ರಿಡ್‌ಗೆ ಎಳೆದಾಗ ಸಾಫ್ಟ್‌ವೇರ್ ಪೆಟ್ಟುಗಳ ನಡುವಿನ ಶಬ್ದವನ್ನು ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ಸ್ನೇರ್ ಇದನ್ನು ತಡೆದುಕೊಳ್ಳುತ್ತದೆ. ಸಿಂಬಲ್‌ನ ಉದ್ದ ಬಾಲ ತಡೆದುಕೊಳ್ಳುವುದಿಲ್ಲ, ನೀರಿನಲ್ಲಿ ಅಲುಗಿದ ಹಾಗೆ ಆಗುತ್ತದೆ.

ಕುಂಟುವುದಕ್ಕೂ ಅದೇ ಮೂಲ. ಸ್ವಿಂಗ್ ಅಂದರೆ ತಿಶ್ರ ನಡೆಯ ಮೊದಲ ಮತ್ತು ಮೂರನೇ ಅಕ್ಷರ, ಅಂದರೆ ಉದ್ದ-ಗಿಡ್ಡ 2:1 ಅನುಪಾತದಲ್ಲಿ, ಅಂತ ಪಾಠದಲ್ಲಿ ಹೇಳಿಕೊಡುತ್ತಾರೆ. ಶೇ 66 ಅಂದರೆ ಇದೇ. ಶುರುವಿಗೆ ಪರವಾಗಿಲ್ಲ, ಆದರೆ ದೊಡ್ಡ ಡ್ರಮ್ಮರ್‌ಗಳು ಬಾರಿಸುವುದು ಹಾಗಲ್ಲ. ಸ್ವೀಡನ್‌ನ ಆಂಡರ್ಸ್ ಫ್ರೈಬರ್ಗ್ ಮತ್ತು ಆಂಡ್ರಿಯಾಸ್ ಸುಂಡ್‌ಸ್ಟ್ರೋಮ್ ಹೆಸರಾಂತ ಡ್ರಮ್ಮರ್‌ಗಳ ರೈಡ್ ಪೆಟ್ಟುಗಳನ್ನು ರೆಕಾರ್ಡ್‌ಗಳಿಂದ ಅಳೆದು 2002ರಲ್ಲಿ ಪ್ರಕಟಿಸಿದರು. ನಿಧಾನ ಲಯದಲ್ಲಿ ಅನುಪಾತ 3:1 ದಾಟುತ್ತದೆ, ತೀರಾ ವೇಗದಲ್ಲಿ 1:1 ಹತ್ತಿರ ಬರುತ್ತದೆ. ಮಧ್ಯಮ ಲಯದಿಂದ ಮೇಲಕ್ಕೆ ಗಿಡ್ಡ ಪೆಟ್ಟಿನ ಅವಧಿ ಹೆಚ್ಚುಕಮ್ಮಿ 100 ಮಿಲಿಸೆಕೆಂಡ್‌ನಲ್ಲೇ ನಿಲ್ಲುತ್ತದೆ.

ಲೆಕ್ಕ ಹಾಕಿ. 200 ಬಿಪಿಎಂನಲ್ಲಿ ಒಂದು ಬೀಟ್‌ಗೆ 300 ಮಿಲಿಸೆಕೆಂಡ್. ಗಿಡ್ಡದ್ದು 100 ಅಂದರೆ ಉದ್ದದ್ದು 200. ಇಲ್ಲಿ ಶೇ 66 ಸರಿಯಾಗಿ ಕೂರುತ್ತದೆ. 300 ಬಿಪಿಎಂಗೆ ಹೋದರೆ 100, 100. ಅಲ್ಲಿ ಸ್ವಿಂಗ್ ಅನುಪಾತವೇ ಇಲ್ಲ, ನೇರ ನಡೆ. ನಿಮ್ಮ 150ರಲ್ಲಿ ಬೀಟ್‌ಗೆ 400. ಗಿಡ್ಡ ಪೆಟ್ಟು ಬೀಟ್ ಶುರುವಾಗಿ 300 ಮಿಲಿಸೆಕೆಂಡ್ ಆದಮೇಲೆ ಬರಬೇಕು. ನಿಮ್ಮ ಗ್ರಿಡ್ ಅದನ್ನು 267ಕ್ಕೇ ಎಳೆದು ತಂದಿದೆ. ಮುಂದಿನ ಬೀಟ್‌ಗೆ ಅಂಟಿಕೊಂಡು ಜಾರಬೇಕಾದ ಪೆಟ್ಟು ಮಧ್ಯದಲ್ಲಿ ನಿಂತುಬಿಟ್ಟಿತು. ಕುಂಟು ಕೇಳಿದ್ದು ಅದಕ್ಕೇ. ಹಾಗಾದರೆ ಶೇ 75 ಹಾಕಲಾ ಅಂತ ನೀವು ಕೇಳಬಹುದು. ಹಾಕಬಹುದು, ಸ್ವಲ್ಪ ಸುಧಾರಿಸುತ್ತದೆ. ಆದರೆ ಒಬ್ಬ ಡ್ರಮ್ಮರ್ ಒಂದೇ ಹಾಡಿನಲ್ಲೂ ಆ ಅಂತರವನ್ನು ಸೋಲೋ ನುಡಿಸುವವರನ್ನು ನೋಡಿಕೊಂಡು ಬದಲಿಸುತ್ತಿರುತ್ತಾನೆ. ನನ್ನ ಸಲಹೆ ಕೇಳಿದರೆ ರೈಡ್ ಇರುವ ಟ್ರ್ಯಾಕ್‌ಗೆ ಕ್ವಾಂಟೈಸ್ ಮುಟ್ಟಿಸಲೇಬೇಡಿ. ಟೇಕ್ ಸರಿಯಿಲ್ಲವಾ, ಇನ್ನೊಂದು ಬಾರಿಸಿ.

ಕ್ಲಿಕ್ ಬೇಡವೇ ಬೇಡ ಅನ್ನುವವರಿದ್ದಾರೆ. ಹಳೆಯ ಜಾಝ್ ರೆಕಾರ್ಡ್‌ಗಳಲ್ಲಿ ಲಯ ಹಿಂದೆ ಮುಂದೆ ಆಗುವುದು ನಿಜ, ಅದು ಯಾರಿಗೂ ತೊಂದರೆ ಕೊಟ್ಟಿಲ್ಲ. ಎಲ್ಲರೂ ಒಂದೇ ಕೋಣೆಯಲ್ಲಿ ಕೂತಿದ್ದರೆ ಕ್ಲಿಕ್ ಬಿಡಿ. ಗೆಳೆಯರು ಆಮೇಲೆ ತಮ್ಮ ಮನೆಯಲ್ಲಿ ನುಡಿಸಿ ಕಳಿಸುವುದಾದರೆ ಕ್ಲಿಕ್ ಇರಲಿ, ಆದರೆ ಅದನ್ನು ಅರ್ಧ ವೇಗಕ್ಕೆ ಇಡಿ. 150ಕ್ಕೆ 75. ಬರುವ ಪ್ರತಿ ಟಿಕ್ ಅನ್ನು ಎರಡನೇ ಮತ್ತು ನಾಲ್ಕನೇ ಬೀಟ್ ಅಂತ ಕೇಳಿಸಿಕೊಳ್ಳಿ. ಒಂದನೇ ಬೀಟ್ ಎಲ್ಲಿ ಅಂತ ನೀವೇ ಹೊಣೆ ಹೊರಬೇಕಾಗುತ್ತದೆ, ಅಲ್ಲಿಂದ ಕೈ ಸಡಿಲವಾಗುತ್ತದೆ. ಕಿವಿ ಮುಚ್ಚುವ ಹೆಡ್‌ಫೋನ್ ಬೇಕು. ಬ್ರಷ್‌ನಲ್ಲಿ ಬಾರಿಸುವಾಗ ಹೆಡ್‌ಫೋನ್‌ನಿಂದ ಸೋರಿದ ಟಿಕ್ ಓವರ್‌ಹೆಡ್‌ನಲ್ಲಿ ಕೂತರೆ ತೆಗೆಯಲು ಆಗುವುದಿಲ್ಲ. ಕ್ಯೂಬನ್ ಗ್ರೂವ್‌ಗೆ ಮೆಟ್ರೊನೋಮ್ ಟಿಕ್ ಪೂರ್ತಿ ತೆಗೆದು ಕ್ಲಾವೆಯನ್ನೇ ಕ್ಲಿಕ್ ಮಾಡಿಕೊಳ್ಳಿ. ಎರಡು ಬಾರ್ ಕ್ಲಾವೆ ಬಾರಿಸಿ ಲೂಪ್ ಹಾಕಿದರೆ ಮುಗಿಯಿತು.

ಈಗ ನಿಮ್ಮ ಗೆಳೆಯನ ಮಾತಿಗೆ ಬರೋಣ. ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಅವರ ಕಿವಿ ಚುರುಕಾಗಿದೆ, ಬಿಡಬೇಡಿ ಅವರನ್ನು.

ನೀವು ಮೃದಂಗ ಕಲಿತವರು, ಹಾಗಾಗಿ ಅಕ್ಷರದಲ್ಲೇ ಹೇಳುತ್ತೇನೆ. ನಾಲ್ಕು ಸಲ 'ತಕಧಿಮಿ' ಅನ್ನಿ, ಹದಿನಾರು ಅಕ್ಷರ. ಮೊದಲನೆಯದರಲ್ಲಿ 'ತ' ಮತ್ತು 'ಮಿ', ಎರಡನೆಯದರಲ್ಲಿ 'ಧಿ', ಮೂರನೆಯದರಲ್ಲಿ 'ಧಿ', ನಾಲ್ಕನೆಯದರಲ್ಲಿ 'ತ', ಇಷ್ಟಕ್ಕೆ ಮಾತ್ರ ಚಪ್ಪಾಳೆ. ಇದು 3-2 ಸೋನ್ ಕ್ಲಾವೆ (ಸೋನ್, ರುಂಬಾ ಎರಡೂ ಕ್ಯೂಬಾದ ಸಂಗೀತ ಪ್ರಕಾರಗಳು). ಮೊದಲ ಎಂಟಕ್ಷರದಲ್ಲಿ ಮೂರು ಪೆಟ್ಟು, ಮುಂದಿನ ಎಂಟರಲ್ಲಿ ಎರಡು. ರುಂಬಾ ಕ್ಲಾವೆಯಲ್ಲಿ ಮೂರನೇ ಪೆಟ್ಟು ಒಂದಕ್ಷರ ತಡವಾಗಿ, ಎರಡನೇ ತಕಧಿಮಿಯ 'ಮಿ' ಮೇಲೆ ಬೀಳುತ್ತದೆ. ಎರಡು ಪೆಟ್ಟಿನ ಅರ್ಧದಿಂದ ಶುರು ಮಾಡಿದರೆ 2-3.

ಎಣಿಸುವುದು ಇಷ್ಟೇ. ಕಷ್ಟ ಇರುವುದು ನಿಯಮದಲ್ಲಿ. ಹಾಡಿನ ರಾಗ, ಬಾಸ್, ಪಿಯಾನೋ, ಬೆಲ್ ಎಲ್ಲವೂ ಯಾವ ಕಡೆ ಮೂರು, ಯಾವ ಕಡೆ ಎರಡು ಅಂತ ಒಪ್ಪಿಕೊಂಡು ಕೂತಿರುತ್ತವೆ. ಒಮ್ಮೆ ಶುರುವಾದ ಕ್ಲಾವೆ ಹಾಡಿನ ಮಧ್ಯೆ ತಿರುಗುವುದಿಲ್ಲ. ನೀವೊಬ್ಬರು ತಿರುಗಿಬಿಟ್ಟರೆ ಒಂದು ಪೆಟ್ಟೂ ತಪ್ಪಿರುವುದಿಲ್ಲ, ಆದರೂ ಕೇಳುವವರಿಗೆ ಎಲ್ಲೋ ಏನೋ ಉಜ್ಜಿದ ಹಾಗಾಗುತ್ತದೆ. ನಿಮ್ಮ ಗೆಳೆಯನಿಗೆ ಜಾಗ ತೋರಿಸಲು ಆಗದಿದ್ದದ್ದು ಅದಕ್ಕೇ, ಜಾಗ ಅಂತ ಒಂದಿಲ್ಲ.

ಎಲ್ಲಿ ತಿರುಗಿರಬಹುದು? ನನ್ನ ಮೊದಲ ಅನುಮಾನ ಎಡಿಟಿಂಗ್ ಮೇಲೆ. ಚೆನ್ನಾಗಿ ಬಂದ ಒಂದು ಬಾರ್ ತೆಗೆದು ಇನ್ನೊಂದರ ಜಾಗಕ್ಕೆ ಅಂಟಿಸಿದರೆ ರಾಕ್‌ನಲ್ಲಿ ನಡೆಯುತ್ತದೆ. ಇಲ್ಲಿ ಒಂದು ಬಾರ್ ಅಂದರೆ ಅರ್ಧ ಕ್ಲಾವೆ. ಮೂರರ ಕಡೆಯನ್ನು ಎರಡರ ಕಡೆಗೆ ಅಂಟಿಸಿದ್ದೀರಾ ನೋಡಿ. ಎರಡನೆಯ ಅನುಮಾನ ಹಾಡಿನ ಕಟ್ಟಡದ ಮೇಲೆ. ಐದು ಅಥವಾ ಏಳು ಬಾರ್‌ನ ಒಂದು ಭಾಗ ಬಂದರೆ ಅದು ಮುಗಿದಾಗ ರಾಗ ಕ್ಲಾವೆಯ ಇನ್ನೊಂದು ಅರ್ಧದ ಮೇಲೆ ಶುರುವಾಗುತ್ತದೆ. ಕ್ಯೂಬನ್ ಸಂಯೋಜಕರು ಇದನ್ನು ಬೇಕಂತಲೇ ಮಾಡುತ್ತಾರೆ. ಆಗ ಕ್ಲಾವೆ ತನ್ನ ಪಾಡಿಗೆ ಹೋಗುತ್ತಿರುತ್ತದೆ, ರಾಗ ಮಾತ್ರ 3-2ರಿಂದ 2-3ಕ್ಕೆ ದಾಟುತ್ತದೆ. ಡ್ರಮ್ಮರ್ ಗಾಬರಿಯಾಗಿ 'ಹೊಸ ಭಾಗ ಬಂತು, ಮೊದಲಿಂದ ಶುರು' ಅಂದುಕೊಂಡರೆ ಕೆಟ್ಟಿತು.

ಮೂರನೆಯದು ನಿಮ್ಮ ಬಲಗಾಲು. ಕ್ಲಾವೆಯ ಎರಡನೇ ಪೆಟ್ಟಿಗೆ, ಅಂದರೆ ಮೊದಲ ತಕಧಿಮಿಯ 'ಮಿ'ಗೆ, ಬೊಂಬೋ ಅನ್ನುತ್ತಾರೆ. ಕಿಕ್ ಇಷ್ಟಪಡುವ ಜಾಗ ಅದು. ಬಾಸ್‌ನ ತುಂಬಾವೋ, ಅಂದರೆ ಮತ್ತೆ ಮತ್ತೆ ಬರುವ ಅದರ ನಡೆ, ಪ್ರತಿ ಎಂಟಕ್ಷರದಲ್ಲಿ ನಾಲ್ಕನೆಯದರ ಮೇಲೆ, ಏಳನೆಯದರ ಮೇಲೆ ಬರುತ್ತದೆ. ಏಳನೆಯದು ಮುಂದಿನ ಒಂದನ್ನು ದಾಟಿ ಎಳೆದುಕೊಂಡು ಹೋಗುತ್ತದೆ. ಅಂದರೆ ಒಂದನೇ ಬೀಟ್ ಮೇಲೆ ಬಾಸ್ ಹೊಸ ಸ್ವರ ಎತ್ತುವುದೇ ಇಲ್ಲ. ಕೈಯಲ್ಲಿ ಬಾರಿಸುವ ಉದ್ದನೆಯ ಡ್ರಮ್ ಕೊಂಗಾದ ತೆರೆದ ಪೆಟ್ಟುಗಳೂ ಏಳು ಮತ್ತು ಎಂಟರ ಮೇಲೆ. ಎಲ್ಲರೂ ಒಂದನ್ನು ಖಾಲಿ ಬಿಟ್ಟು ಅದರ ಮೇಲೆ ತೂಗುತ್ತಿರುವಾಗ ನೀವು ರಾಕ್ ಅಭ್ಯಾಸದಲ್ಲಿ ಅಲ್ಲಿ ಕಿಕ್ ಗುದ್ದಿದರೆ ಬಾಸ್‌ನವರು ಬೇಜಾರಾಗದೆ ಇರುತ್ತಾರಾ? ಮೃದಂಗದ ಅಭ್ಯಾಸವೂ ಇಲ್ಲಿ ಕೈಕೊಡುತ್ತದೆ. ಮುಕ್ತಾಯ ಬಾರಿಸಿ ಸಮಕ್ಕೆ ಬಂದು ಇಳಿಯುವುದು ನಮ್ಮ ರಕ್ತದಲ್ಲೇ ಇದೆ. ಇಲ್ಲಿ ಫಿಲ್ ಮುಗಿಯುವುದು ಬಹಳ ಸಲ ಸಮಕ್ಕಿಂತ ಮುಂಚೆ, ನಾಲ್ಕನೇ ಬೀಟ್‌ನಲ್ಲಿ, ಇಲ್ಲವೇ ಸಮ ದಾಟಿದ ಮೇಲೆ ಬೊಂಬೋದಲ್ಲಿ. ಕ್ರ್ಯಾಶ್ ಅಲ್ಲಿ ಹೊಡೆಯಿರಿ, ಸಮದಲ್ಲಿ ಬೇಡ.

ಹಾಗಂತ ಮೃದಂಗ ಮರೆಯಬೇಕಿಲ್ಲ. ಬೆಂಬೆ ಎಂಬ ಆಫ್ರೋ-ಕ್ಯೂಬನ್ ನಡೆಯ ಹನ್ನೆರಡು ಅಕ್ಷರದ ಬೆಲ್ ಕಲಿಯುವುದು ನಿಮಗೆ ಬೇರೆಯವರಿಗಿಂತ ಸುಲಭ. ನಾಲ್ಕು 'ತಕಿಟ' ಹೇಳಿ. ಮೊದಲನೆಯದರಲ್ಲಿ 'ತ', 'ಟ'. ಎರಡನೆಯದರಲ್ಲಿ 'ಕಿ', 'ಟ'. ಮೂರನೆಯದರಲ್ಲಿ 'ಕಿ'. ನಾಲ್ಕನೆಯದರಲ್ಲಿ 'ತ', 'ಟ'. ಒಟ್ಟು ಏಳು ಪೆಟ್ಟು. ಕೊನೆಯ 'ಟ' ಮುಂದಿನ 'ತ'ವನ್ನು ತಳ್ಳಿಕೊಂಡು ಹೋಗಬೇಕು. ಈ ನಡೆ ಆಫ್ರಿಕಾದಿಂದ ಗುಲಾಮರಾಗಿ ಕ್ಯೂಬಾಕ್ಕೆ ಬಂದವರ ದೇವತಾ ಪೂಜೆಯ ಕೂಟಗಳಿಂದ ಬಂದದ್ದು, ಇಂದಿಗೂ ಅಲ್ಲಿ ಜೀವಂತ ಇದೆ. ಬಾರಿಸಿ, ಆದರೆ ಲೂಪ್‌ಗೆ ಹೆಸರಿಡುವಾಗ ಅವರ ದೇವತೆಗಳ ಹೆಸರನ್ನು ಅಲಂಕಾರಕ್ಕೆ ಎಳೆದು ತರಬೇಡಿ. ನಮ್ಮ ಸಂಗೀತಗಾರರು ಜಾಝ್‌ನವರ ಜೊತೆ ತಮ್ಮತನ ಬಿಡದೆ ಕೂತ ಉದಾಹರಣೆ ಬೇಕಿದ್ದರೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಇದೆ. ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ 1983ರಲ್ಲಿ ಮಾಡಿದ ರೆಕಾರ್ಡಿಂಗ್ ಕೇಳಿ. ಅಲ್ಲಿ ಯಾರೂ ಇನ್ನೊಬ್ಬರ ಹಾಗೆ ನಟಿಸುವುದಿಲ್ಲ.

ನೀವು ಬಾರಿಸುತ್ತಿರುವ ಸಾಂಗೋ ಬಗ್ಗೆ ಒಂದು ಮಾತು. ಸೋನ್ ಆಗಲಿ ರುಂಬಾ ಆಗಲಿ, ಹಳೆಯ ಕ್ಯೂಬನ್ ಸಂಗೀತದಲ್ಲಿ ಡ್ರಮ್ ಸೆಟ್‌ಗೆ ಜಾಗವೇ ಇರಲಿಲ್ಲ. ಟಿಂಬಾಲೆ ಒಬ್ಬರು, ಕೊಂಗಾ ಒಬ್ಬರು, ಬೊಂಗೋ ಮತ್ತು ಬೆಲ್ ಒಬ್ಬರು. ಹುವಾನ್ ಫೋರ್ಮೆಲ್ 1969ರಲ್ಲಿ ಹವಾನಾದಲ್ಲಿ ಕಟ್ಟಿದ ಲೋಸ್ ವಾನ್ ವಾನ್ ತಂಡದಲ್ಲಿ ಚಂಗಿತೋ ಎಂದೇ ಹೆಸರಾದ ಹೋಸೆ ಲೂಯಿಸ್ ಕಿಂತಾನಾ ಸಾಂಗೋವನ್ನು ಡ್ರಮ್ ಸೆಟ್ ಮೇಲೆ ಬೆಳೆಸಿದರು. ಅವರ ಬಲಗೈ, ಎಡಗೈ, ಕಾಲು ಬೇರೆ ಬೇರೆ ವಾದಕರ ಪಾತ್ರ ವಹಿಸುತ್ತವೆ. ರೆಕಾರ್ಡ್ ಮಾಡುವ ಮೊದಲು ಕೇಳಿಕೊಳ್ಳಿ: ನನ್ನ ಎಡಗೈ ಈಗ ಕೊಂಗಾದವರಾ, ಟಿಂಬಾಲೆಯವರಾ? ಉತ್ತರ ಗೊತ್ತಿದ್ದರೆ ಆ ಪೆಟ್ಟು ಎಷ್ಟು ಜೋರಿರಬೇಕು ಅನ್ನುವುದೂ ಗೊತ್ತಾಗುತ್ತದೆ. ಮತ್ತೆ ಅದೇ ಕೈಕಾಲಿನ ಮಿಕ್ಸಿಂಗ್.

ಮುಂದಿನ ದಾರಿಗಳು. ಜಾಝ್ ಗ್ರೂವ್‌ಗಳನ್ನು ಒಂದೇ ಟೇಕ್‌ನಲ್ಲಿ, ಸಾಧ್ಯವಾದರೆ ಬಾಸ್ ಗೆಳೆಯ ಎದುರಿಗೆ ಕೂತಿರುವಾಗ ಮಾಡಿ. ಬಾಸ್ ಅನ್ನು ನೇರ ಕೇಬಲ್‌ನಲ್ಲಿ ತೆಗೆದುಕೊಂಡರೆ ಸೋರಿಕೆಯೂ ಇಲ್ಲ. ನಿಮ್ಮಲ್ಲಿ ನಾಲ್ಕೇ ಇನ್‌ಪುಟ್, ಜಾಝ್‌ಗೆ ಮೂರು ಮೈಕ್, ಒಂದು ಬಾಸ್‌ಗೆ. ಸರಿಹೋಯಿತು. ಇದರ ಅಪಾಯ ಏನೆಂದರೆ ಆಮೇಲೆ ರಿಪೇರಿ ಮಾಡಲು ಆಗುವುದಿಲ್ಲ. ಸ್ನೇರ್ ಜೋರಾಯಿತು ಅಂದರೆ ಜೋರಾಯಿತು.

ಕ್ಯೂಬನ್ ಗ್ರೂವ್‌ಗಳನ್ನು ಪದರ ಪದರವಾಗಿಯೂ ಮಾಡಬಹುದು, ಮೂಲದಲ್ಲಿ ಅವು ಬೇರೆ ಬೇರೆ ಜನ ಬಾರಿಸುವಂಥವೇ ಅಲ್ವಾ. ಮೊದಲು ಕ್ಲಾವೆ, ಅದರ ಮೇಲೆ ಕೊಂಗಾ, ಆಮೇಲೆ ಕಾಸ್ಕರಾ ಅಥವಾ ಬೆಲ್, ಕೊನೆಗೆ ಕಿಕ್. ಆದರೆ ಒಬ್ಬರೇ ನಾಲ್ಕು ಸಲ ಬಾರಿಸಿದಾಗ ನಾಲ್ಕು ಜನರ ಮಾತುಕತೆ ಇರುವುದಿಲ್ಲ, ಎಲ್ಲವೂ ಕ್ಲಾವೆಗೆ ಅಂಟಿಕೊಂಡು ಬಿಗಿಯಾಗುತ್ತದೆ. ಕೋಣೆಯ ಗುಂಯ್ ನಾಲ್ಕು ಸಲ ಸೇರುತ್ತದೆ, ಹಾಗಾಗಿ ಮೈಕ್ ಹತ್ತಿರ ಇಡಿ. ಚರ್ಮದ ಕೊಂಗಾ ಆದರೆ ಎಲ್ಲ ಟ್ರ್ಯಾಕ್‌ಗಳನ್ನೂ ಒಂದೇ ಸಲ ಕೂತು ಮುಗಿಸಿ. ಮಳೆಗಾಲದಲ್ಲಿ ಬೆಳಗ್ಗೆ ಇದ್ದ ಶ್ರುತಿ ಸಂಜೆಗೆ ಇಳಿದಿರುತ್ತದೆ, ಮೃದಂಗದವರಿಗೆ ಇದನ್ನು ಬೇರೆ ಹೇಳಬೇಕಾ. ಗುವಾಗ್ವಾಂಕೋದಂಥ ರುಂಬಾಗಳನ್ನು ಮಾತ್ರ ಹೀಗೆ ಮಾಡಬೇಡಿ. ಅದರ ಪೆಟ್ಟುಗಳು ಚತುರಶ್ರಕ್ಕೂ ತಿಶ್ರಕ್ಕೂ ನಡುವೆ ಎಲ್ಲೋ ತೂಗುತ್ತಿರುತ್ತವೆ, ಆ ನಡುವಿನ ಜಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಾರಿಸಿದಾಗ ಮಾತ್ರ ಸಿಗುತ್ತದೆ.

ಜಾಝ್ ಮತ್ತು ಕ್ಯೂಬನ್ ಒಂದೇ ಹಾಡಿನಲ್ಲಿ ಬರುವುದಾದರೆ ಎರಡನ್ನೂ ಬೇರೆ ಬೇರೆ ರೆಕಾರ್ಡ್ ಮಾಡಿ ಅಂಟಿಸಬೇಡಿ. ಜಾಝ್ ಟ್ರಂಪೆಟ್ ವಾದಕ ಡಿಜ್ಜಿ ಗಿಲ್ಲೆಸ್ಪಿ 1947ರಲ್ಲಿ ಕೊಂಗಾ ವಾದಕ ಚಾನೋ ಪೋಸೋ ಅವರನ್ನು ತಮ್ಮ ದೊಡ್ಡ ಬ್ಯಾಂಡ್‌ಗೆ ಕರೆತಂದ ಮೇಲೆ, ಹಾಡಿನ ಒಂದು ಭಾಗ ನೇರ ನಡೆಯಲ್ಲಿ, ಮಧ್ಯದ ಭಾಗ ಸ್ವಿಂಗ್‌ನಲ್ಲಿ ಅನ್ನುವುದು ರೂಢಿಯಾಯಿತು. ದಾಟುವ ಆ ಒಂದು ಬಾರ್‌ನಲ್ಲಿ ಕೈ ಹೇಗೆ ಬಾಗುತ್ತದೆ ಅನ್ನುವುದರಲ್ಲೇ ಮಜಾ ಇರುವುದು. ಅಂಟಿಸಿದರೆ ಅದೇ ಹೋಗುತ್ತದೆ.

ಸ್ಯಾಂಪಲ್ ಪ್ಯಾಕ್ ಬಗ್ಗೆ ಕೇಳಿದಿರಿ. ಕೊಂಗಾ, ಶೇಕರ್, ಬೆಲ್‌ಗೆ ಕೊಳ್ಳಬಹುದು, ಡೆಮೋಗೆ ಚೆನ್ನಾಗೇ ಇರುತ್ತದೆ. ರೈಡ್‌ಗೆ ಬೇಡ. ನಿಜವಾದ ರೈಡ್ ಮೇಲೆ ಎರಡನೇ ಪೆಟ್ಟು ಬೀಳುವಾಗ ಮೊದಲನೆಯದು ಇನ್ನೂ ನಡುಗುತ್ತಿರುತ್ತದೆ, ಎರಡೂ ಬೆರೆತು ಹೊಸದೊಂದು ಶಬ್ದ ಬರುತ್ತದೆ. ಬಿಡಿ ಸ್ಯಾಂಪಲ್‌ಗಳನ್ನು ಜೋಡಿಸಿ ಅದನ್ನು ತರುವುದು ಕಷ್ಟ. ಇನ್ನೊಂದು, ಕಾನೂನಿನದು. ಕ್ಲಾವೆ, ಕಾಸ್ಕರಾ, ಸಾಂಗೋ ಯಾರ ಸ್ವತ್ತೂ ಅಲ್ಲ, ಧೈರ್ಯವಾಗಿ ಬಾರಿಸಿ. ಬೇರೆಯವರು ರೆಕಾರ್ಡ್ ಮಾಡಿದ ತುಣುಕು ಮಾತ್ರ ಅವರದ್ದೇ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಧ್ವನಿಮುದ್ರಣಕ್ಕೆ ಪ್ರಕಟವಾದ ಮೇಲೆ 60 ವರ್ಷ ರಕ್ಷಣೆ ಇದೆ. ಕೊಂಡ ಸ್ಯಾಂಪಲ್‌ಗಳನ್ನು ಹಾಡಿನಲ್ಲಿ ಬಳಸಲು ಲೈಸೆನ್ಸ್ ಸಾಮಾನ್ಯವಾಗಿ ಬಿಡುತ್ತದೆ, ಆದರೆ ಮತ್ತೆ ಲೂಪ್ ಆಗಿ ಹಂಚಲು ಬಹುತೇಕ ಬಿಡುವುದಿಲ್ಲ. ನೀವು ಲೂಪ್ ಕೊಡಬೇಕು ಅಂತಿದ್ದೀರಿ. ಹಾಗಾಗಿ ಕೊಡುವುದೆಲ್ಲ ನಿಮ್ಮ ಕೈಯಿಂದಲೇ ಬಂದಿರಲಿ.

ದುಡ್ಡು ಖರ್ಚು ಮಾಡುವ ಮನಸ್ಸು ಗಟ್ಟಿ ಇದ್ದರೆ, ಎತ್ತರ ಚಾವಣಿಯ ಸ್ಟುಡಿಯೋ ಒಂದನ್ನು ಒಂದು ದಿನಕ್ಕೆ ಹಿಡಿಯಿರಿ. ಆದರೆ ಮನೆಯ ಫೋನ್ ಪರೀಕ್ಷೆ ಪಾಸಾದ ಮೇಲೆ.

ಕೊನೆಗೆ ಲೂಪ್‌ನ ಕೆಲಸ. ಉದ್ದ ಎರಡು, ನಾಲ್ಕು ಅಥವಾ ಎಂಟು ಬಾರ್ ಇರಲಿ. ಒಂದು ಅಥವಾ ಮೂರು ಬಾರ್‌ನ ಕ್ಯೂಬನ್ ಲೂಪ್ ತಿರುಗಿದ ತಕ್ಷಣ ಕ್ಲಾವೆ ಉಲ್ಟಾ ಆಗುತ್ತದೆ. ಒಂದೇ ಆವರ್ತವನ್ನು ಬಿಡದೆ ಮೂರು ಸಲ ಬಾರಿಸಿ, ಮಧ್ಯದ್ದನ್ನು ಕತ್ತರಿಸಿ. ಆಗ ಅದರ ಶುರುವಿನಲ್ಲಿ ಹಿಂದಿನ ಆವರ್ತದ ಸಿಂಬಲ್ ಬಾಲ ಇರುತ್ತದೆ, ಲೂಪ್ ತಿರುಗಿದಾಗ ಟಕ್ ಅಂತ ಕಡಿದ ಹಾಗೆ ಕೇಳುವುದಿಲ್ಲ. ಮೂರನೆಯದರ ಕೊನೆಯ ಪೆಟ್ಟು ಪೂರ್ತಿ ಕರಗುವವರೆಗೆ ಬಿಟ್ಟು ಅದನ್ನು ಬೇರೆ ಫೈಲ್ ಮಾಡಿ, ಹಾಡು ಮುಗಿಸುವವರಿಗೆ ಬೇಕಾಗುತ್ತದೆ. ಫೈಲ್ ಹೆಸರಿನಲ್ಲಿ ಬಿಪಿಎಂ ಜೊತೆಗೆ ಸೋನ್ ಅಥವಾ ರುಂಬಾ, 3-2 ಅಥವಾ 2-3 ಅಂತ ಬರೆಯಿರಿ. ಬಾಸ್ ಗೆಳೆಯನಿಗೆ ಕಳಿಸುವ ಮೊದಲು ಆ ಹೆಸರು ಸರಿಯಿದೆಯಾ ಅಂತ ತಕಧಿಮಿ ಹೇಳಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿಕೊಳ್ಳಿ.